ಆರು ಸಿಲಿಂಡರ್‌ಗಳ ಮೇಲಾಟ



ನಿಮ್ಮ ಕಾಲೇಜಿನ ಆವರಣದಲ್ಲಿ ಸಾಲಾಗಿ ನಿಂತಿರುವ ಮೋಟಾರ್‌ಸೈಕಲ್‌ಗಳನ್ನು ಒಮ್ಮೆ ಗಮನಿಸಿ. ಬಹುಪಾಲು ಗಾಡಿಗಳ ಎಂಜಿನ್‌ನಲ್ಲಿ ಇರುವುದು ಒಂದೇ ಸಿಲಿಂಡರ್. ದೊಡ್ಡ ಗಾಡಿಗಳಲ್ಲಿ ಕೆಲವಕ್ಕೆ ಎರಡು ಇರಬಹುದು, ಅಪರೂಪಕ್ಕೆ ನಾಲ್ಕು. ಆದರೆ 1970ರ ದಶಕದಲ್ಲಿ ಮೂರು ಕಂಪನಿಗಳು ಒಂದರ ಬೆನ್ನಿಗೆ ಒಂದರಂತೆ ಆರು ಸಿಲಿಂಡರ್‌ಗಳ ಮೋಟಾರ್‌ಸೈಕಲ್‌ಗಳನ್ನು ಮಾರಾಟಕ್ಕೆ ತಂದವು. ಅವು ಇಟಲಿಯ ಬೆನೆಲ್ಲಿ, ಜಪಾನಿನ ಹೋಂಡಾ ಮತ್ತು ಕವಾಸಾಕಿ. ಮೂರೂ ಗಾಡಿಗಳು ನೋಡಿದವರನ್ನು ಬೆರಗುಗೊಳಿಸಿದವು. 1989ರ ಹೊತ್ತಿಗೆ ಮೂರೂ ತಯಾರಿಕೆಯಿಂದ ಮರೆಯಾದವು.

ಇಷ್ಟು ಶ್ರಮಪಟ್ಟು ಕಟ್ಟಿದ ಯಂತ್ರಗಳು ಹುಟ್ಟಿದ್ದೇಕೆ, ನಿಂತುಹೋದದ್ದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಯಂತ್ರಶಾಸ್ತ್ರದ ಜೊತೆಗೆ ಮನುಷ್ಯರ ಪೈಪೋಟಿಯ ಸ್ವಭಾವವೂ ನಮಗೆ ತಿಳಿಯುತ್ತದೆ.

ಲಾಭ ಮತ್ತು ಬೆಲೆ

ಮೊದಲು ಎಂಜಿನ್‌ನ ಲೆಕ್ಕ ನೋಡೋಣ. ಫೋರ್-ಸ್ಟ್ರೋಕ್ ಎಂಜಿನ್‌ನ ಒಂದು ಸಿಲಿಂಡರಿನಲ್ಲಿ, ಕ್ರ್ಯಾಂಕ್‌ಶಾಫ್ಟ್ ಎರಡು ಪೂರ್ಣ ಸುತ್ತು ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ, ಇಂಧನ ಉರಿದು ಪಿಸ್ಟನ್ನನ್ನು ತಳ್ಳುವುದು ಒಂದೇ ಸಲ. ನಾಲ್ಕು ಸಿಲಿಂಡರ್‌ಗಳಿದ್ದರೆ 180 ಡಿಗ್ರಿಗೊಮ್ಮೆ ತಳ್ಳು ಸಿಗುತ್ತದೆ. ಆರು ಇದ್ದರೆ 120 ಡಿಗ್ರಿಗೊಮ್ಮೆ. ಒಂದು ಗಾಲಿಯನ್ನು ಒಬ್ಬನೇ ಆಗಾಗ ತಳ್ಳುವುದಕ್ಕೂ, ಆರು ಜನ ಸುತ್ತ ನಿಂತು ಸರದಿಯ ಮೇಲೆ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು. ಇದರ ಜೊತೆಗೆ, ಒಂದೇ ಸಾಲಿನಲ್ಲಿ ನಿಂತ ಆರು ಪಿಸ್ಟನ್‌ಗಳು ಮೇಲೆ ಕೆಳಗೆ ಚಲಿಸುವಾಗ ಹುಟ್ಟುವ ಮುಖ್ಯ ಅಲುಗಾಟಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಎಂಜಿನ್ ಬಹಳ ನಯವಾಗಿ ಓಡುತ್ತದೆ.

ಎರಡನೆಯ ಲಾಭ ವೇಗದ್ದು. ಒಂದೇ ಗಾತ್ರದ ಎಂಜಿನ್ನನ್ನು ಹೆಚ್ಚು ಸಿಲಿಂಡರ್‌ಗಳಾಗಿ ಹಂಚಿದರೆ ಪ್ರತಿ ಪಿಸ್ಟನ್ನೂ ಪ್ರತಿ ವಾಲ್ವೂ ಚಿಕ್ಕದಾಗಿ, ಹಗುರವಾಗುತ್ತದೆ. ಹಗುರವಾದ ವಸ್ತುವನ್ನು ಬೇಗ ಬೇಗ ಹಿಂದೆ ಮುಂದೆ ಓಡಿಸಬಹುದು. ನಿಮಿಷಕ್ಕೆ ಹೆಚ್ಚು ಸುತ್ತು ಎಂದರೆ ಹೆಚ್ಚು ತಳ್ಳು. ಹೆಚ್ಚು ತಳ್ಳು ಎಂದರೆ ಹೆಚ್ಚು ಶಕ್ತಿ.

ಆದರೆ ಇದಕ್ಕೆ ಬೆಲೆಯನ್ನೂ ತೆರಬೇಕು. ಕಾರಿನಲ್ಲಿ ಆರು ಸಿಲಿಂಡರ್‌ಗಳ ಸಾಲನ್ನು ಉದ್ದಕ್ಕೆ ಇಡಲು ಜಾಗವಿದೆ. ಈ ಮೂರು ಮೋಟಾರ್‌ಸೈಕಲ್‌ಗಳಲ್ಲಿ ಅದನ್ನು ಸವಾರನ ಮೊಣಕಾಲುಗಳ ಮುಂದೆ ಅಡ್ಡಲಾಗಿ ಕೂರಿಸಲಾಯಿತು. ಹಾಗೆ ಮಾಡಿದರೆ ಗಾಡಿ ಅಗಲವಾಗುತ್ತದೆ. ತಿರುವಿನಲ್ಲಿ ಓರೆಯಾದಾಗ ಎಂಜಿನ್‌ನ ತುದಿ ನೆಲಕ್ಕೆ ತಾಗುವ ಭಯ. ನಡುವಿನ ಸಿಲಿಂಡರ್‌ಗಳಿಗೆ ಗಾಳಿ ಸಾಲದೆ ಬಿಸಿಯಾಗುವ ಭಯ. ತೂಕ ಹೆಚ್ಚು, ಬಿಡಿಭಾಗ ಹೆಚ್ಚು, ಗ್ಯಾರೇಜಿನ ಕೆಲಸವೂ ಹೆಚ್ಚು. ಈ ಲಾಭ ಮತ್ತು ಬೆಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನು ಇತಿಹಾಸಕ್ಕೆ ಬರೋಣ.

ರೇಸ್ ಅಂಗಳದಲ್ಲಿ ಹುಟ್ಟಿದ ಆಲೋಚನೆ

ಸೊಯಿಚಿರೊ ಹೋಂಡಾ ಅವರು 1948ರಲ್ಲಿ ಸ್ಥಾಪಿಸಿದ ಕಂಪನಿ, 1959ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿ.ಟಿ. ರೇಸಿಗೆ ಮೊದಲ ಬಾರಿ ಬಂದಿತು. ಕೆಲವೇ ವರ್ಷಗಳಲ್ಲಿ ವಿಶ್ವ ಪ್ರಶಸ್ತಿಗಳನ್ನು ಗೆಲ್ಲತೊಡಗಿತು. ಆದರೆ 250 ಸಿ.ಸಿ. ವಿಭಾಗದಲ್ಲಿ ಅದಕ್ಕೆ ಯಮಾಹಾ ಪ್ರಬಲ ಎದುರಾಳಿಯಾಯಿತು. ಬ್ರಿಟಿಷ್ ಸವಾರ ಫಿಲ್ ರೀಡ್ ಯಮಾಹಾ ಗಾಡಿಯಲ್ಲಿ 1964 ಮತ್ತು 1965ರ ವಿಶ್ವ ಪ್ರಶಸ್ತಿಗಳನ್ನು ಗೆದ್ದರು.

ಯಮಾಹಾದ ಎಂಜಿನ್ ಟೂ-ಸ್ಟ್ರೋಕ್ ಮಾದರಿಯದು. ಅದರಲ್ಲಿ ಪ್ರತಿ ಸುತ್ತಿಗೂ ಒಂದು ತಳ್ಳು ಸಿಗುತ್ತದೆ. ಹೋಂಡಾದ ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು. ಫೋರ್-ಸ್ಟ್ರೋಕ್ ಬಿಡಲು ಹೋಂಡಾ ಒಪ್ಪಲಿಲ್ಲ. ಹಾಗಾದರೆ ಉಳಿದ ದಾರಿ ಒಂದೇ: ಎಂಜಿನ್ ಇನ್ನೂ ವೇಗವಾಗಿ ಸುತ್ತಬೇಕು. ಅದಕ್ಕೆ ಪಿಸ್ಟನ್‌ಗಳು ಇನ್ನೂ ಚಿಕ್ಕದಾಗಬೇಕು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ವಿಮಾನ ಎಂಜಿನಿಯರಿಂಗ್ ಓದಿ 1963ರಲ್ಲಿ ಕಂಪನಿ ಸೇರಿದ್ದ ತರುಣ ಶೋಯಿಚಿರೊ ಇರಿಮಾಜಿರಿ ಈ ಕೆಲಸದಲ್ಲಿ ಪ್ರಮುಖ ಪಾತ್ರ ವಹಿಸಿದರು. 1964ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊನ್ಝಾದಲ್ಲಿ ಆರು ಸಿಲಿಂಡರ್‌ಗಳ 250 ಸಿ.ಸಿ. ಗಾಡಿ ರೇಸಿಗೆ ಇಳಿಯಿತು. ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 40 ಸಿ.ಸಿ. ಮಾತ್ರ. ಒಟ್ಟು 24 ವಾಲ್ವ್‌ಗಳು. ಸುಧಾರಿಸಿದ ರೂಪವಾದ ಆರ್‌ಸಿ 166 ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ಸುಮಾರು 60 ಅಶ್ವಶಕ್ತಿ ಕೊಡುತ್ತಿತ್ತು.

1966ರಲ್ಲಿ ಮೈಕ್ ಹೇಲ್‌ವುಡ್ ಈ ಗಾಡಿಯಲ್ಲಿ 250 ಸಿ.ಸಿ. ಪ್ರಶಸ್ತಿ ಗೆದ್ದರು. 1967ರಲ್ಲಿ ಹೇಲ್‌ವುಡ್ ಮತ್ತು ರೀಡ್ ಅಂಕಗಳಲ್ಲಿ ಸಮನಾಗಿ ನಿಂತರು. ಹೆಚ್ಚು ರೇಸ್ ಗೆದ್ದವರೆಂಬ ಕಾರಣಕ್ಕೆ ಪ್ರಶಸ್ತಿ ಹೇಲ್‌ವುಡ್ ಪಾಲಾಯಿತು. ಅದೇ ವರ್ಷ 297 ಸಿ.ಸಿ.ಯ ಇನ್ನೊಂದು ಆರು ಸಿಲಿಂಡರ್ ಗಾಡಿಯಲ್ಲಿ 350 ಸಿ.ಸಿ. ವಿಭಾಗವನ್ನೂ ಅವರು ಗೆದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಎಂಜಿನ್‌ಗೆ ಆರು ಸಿಲಿಂಡರ್ ಬಂದದ್ದು ಶೋಕಿಗಾಗಿ ಅಲ್ಲ. 250 ಸಿ.ಸಿ. ಎಂಬ ಮಿತಿಯೊಳಗೆ ಟೂ-ಸ್ಟ್ರೋಕ್ ಎದುರಾಳಿಯನ್ನು ಮೀರಿಸಬೇಕೆಂಬ ಸ್ಪಷ್ಟವಾದ ಸಮಸ್ಯೆ ಮುಂದಿತ್ತು. ಲೆಕ್ಕ ಹಾಕಿದಾಗ ಬಂದ ಉತ್ತರ ಆರು.

1967ರ ಕೊನೆಗೆ ಹೋಂಡಾ ವಿಶ್ವ ರೇಸಿನಿಂದ ಹಿಂದೆ ಸರಿಯಿತು. 1969ರಲ್ಲಿ ಆಸ್ಟ್ರೇಲಿಯದ ಕೆಲ್ ಕರುದರ್ಸ್ 250 ಸಿ.ಸಿ. ಪ್ರಶಸ್ತಿಯನ್ನು ನಾಲ್ಕು ಸಿಲಿಂಡರ್‌ಗಳ ಇಟಾಲಿಯನ್ ಗಾಡಿಯಲ್ಲಿ ಗೆದ್ದರು. ಆ ಗಾಡಿಯ ಹೆಸರು ಬೆನೆಲ್ಲಿ. ಮರುವರ್ಷ, 1970ರಿಂದ, ಈ ವಿಭಾಗದಲ್ಲಿ ಎರಡಕ್ಕಿಂತ ಹೆಚ್ಚು ಸಿಲಿಂಡರ್ ಇರಕೂಡದೆಂಬ ನಿಯಮ ಜಾರಿಗೆ ಬಂದಿತು. ಹೀಗೆ ಸಿಲಿಂಡರ್‌ಗಳ ಪೈಪೋಟಿಗೆ ಈ ವಿಭಾಗದ ಬಾಗಿಲು ಮುಚ್ಚಿತು. ಮುಂದೆ ಅದು ನಡೆದದ್ದು ಅಂಗಡಿಯ ಗಾಜಿನ ಹಿಂದೆ.

ಬೆನೆಲ್ಲಿ: ಮೊದಲು ಬಂದವರು

ಬೆನೆಲ್ಲಿ ಕಂಪನಿಯದು ಒಂದು ಸೊಗಸಾದ ಕುಟುಂಬ ಚರಿತ್ರೆ. ಇಟಲಿಯ ಪೇಸರೊ ಪಟ್ಟಣದಲ್ಲಿ ತೆರೆಸಾ ಬೆನೆಲ್ಲಿ ಎಂಬ ತಾಯಿ ತನ್ನ ಆರು ಗಂಡುಮಕ್ಕಳಿಗೆ ಜೀವನೋಪಾಯವಾಗಲೆಂದು 1911ರಲ್ಲಿ ಒಂದು ವರ್ಕ್‌ಶಾಪ್ ತೆರೆದರು. ಮಕ್ಕಳಲ್ಲಿ ಒಬ್ಬರಾದ ತೊನಿನೊ ಇಟಲಿಯ ಹೆಸರಾಂತ ರೇಸ್ ಸವಾರರಾದರು. ಆದರೆ 1960ರ ದಶಕದ ಕೊನೆಗೆ ಜಪಾನಿನ ಗಾಡಿಗಳ ಮುಂದೆ ಯೂರೋಪಿನ ಹಳೆಯ ಕಂಪನಿಗಳು ತತ್ತರಿಸಿದವು. 1969ರಲ್ಲಿ ಮಾರಾಟಕ್ಕೆ ಬಂದ ಹೋಂಡಾ ಸಿಬಿ 750 ನಾಲ್ಕು ಸಿಲಿಂಡರ್‌ಗಳನ್ನು ಸಾಮಾನ್ಯ ಗ್ರಾಹಕನ ಕೈಗೆ ತಲುಪಿಸಿತು. ಬೆನೆಲ್ಲಿ ಸಂಕಟಕ್ಕೆ ಸಿಕ್ಕಿತು.

1970ರ ದಶಕದ ಆರಂಭದಲ್ಲಿ ಅದನ್ನು ಕೊಂಡವರು ಅರ್ಜೆಂಟೀನಾ ಮೂಲದ ಉದ್ಯಮಿ ಅಲೆಹಾಂದ್ರೊ ದೆ ತೊಮಾಸೊ. ಜಪಾನಿನವರು ನಾಲ್ಕು ಕೊಟ್ಟರೆ ನಾವು ಆರು ಕೊಡೋಣ ಎಂಬಂತಿತ್ತು ಅವರ ನಡೆ. 1972ರಲ್ಲಿ 750 ಸೇಯಿ ಪ್ರದರ್ಶನಗೊಂಡಿತು. 1974ರಲ್ಲಿ ತಯಾರಿಕೆ ಆರಂಭವಾಯಿತು. ಇಟಾಲಿಯನ್ ಭಾಷೆಯಲ್ಲಿ ಸೇಯಿ ಎಂದರೆ ಆರು. ಸಾರ್ವಜನಿಕರು ಕೊಂಡು ರಸ್ತೆಯಲ್ಲಿ ಓಡಿಸಬಹುದಾದ, ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಮೊದಲ ಆರು ಸಿಲಿಂಡರ್ ಮೋಟಾರ್‌ಸೈಕಲ್ ಇದು. ಹಿಂದಿನಿಂದ ನೋಡಿದರೆ ಎಡಕ್ಕೆ ಮೂರು, ಬಲಕ್ಕೆ ಮೂರು, ಹೀಗೆ ಆರು ಹೊಗೆಕೊಳವೆಗಳು ಹೊಳೆಯುತ್ತಿದ್ದವು.

ಆದರೆ ಒಳಗೆ ನೋಡಿ. ಪ್ರತಿ ಸಿಲಿಂಡರಿನ ವ್ಯಾಸ 56 ಮಿ.ಮೀ., ಪಿಸ್ಟನ್ ಚಲಿಸುವ ದೂರ 50.6 ಮಿ.ಮೀ. ಹೋಂಡಾದ 500 ಸಿ.ಸಿ. ನಾಲ್ಕು ಸಿಲಿಂಡರ್ ಗಾಡಿಯ ಅಳತೆಯೂ ಇದೇ! ಲೆಕ್ಕ ಹಾಕಿದರೆ ಅಂಥ ನಾಲ್ಕು ಸೇರಿ 498 ಸಿ.ಸಿ., ಆರು ಸೇರಿ 748 ಸಿ.ಸಿ. ಜಪಾನಿಗೆ ಸವಾಲು ಹಾಕಲು ಹೊರಟ ಎಂಜಿನ್‌ನ ಅಳತೆಯೇ ಜಪಾನಿನದಾಗಿತ್ತು. ಆರು ಸಿಲಿಂಡರ್‌ಗಳಿಗೆ ಮೂರೇ ಕಾರ್ಬುರೇಟರ್‌ಗಳು. ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್. ಆರು ಸಿಲಿಂಡರ್‌ಗಳಿಂದ ಸಿಗಬಹುದಾದ ಶಕ್ತಿಯನ್ನು ಪೂರ್ತಿ ಹಿಂಡುವ ಉದ್ದೇಶ ಇದರಲ್ಲಿ ಕಾಣುವುದಿಲ್ಲ. ನಯವಾದ ಓಟ ಮತ್ತು ಬೆರಗುಗೊಳಿಸುವ ನೋಟ, ಇವೆರಡನ್ನು ಅದು ಧಾರಾಳವಾಗಿ ಕೊಟ್ಟಿತು. ಮುಂದೆ 1979ರ ಹೊತ್ತಿಗೆ 906 ಸಿ.ಸಿ.ಯ 900 ಸೇಯಿ ಬಂದು 1989ರವರೆಗೆ ನಡೆಯಿತು. ಅದರಲ್ಲಿ ಆರು ಹೊಗೆಕೊಳವೆಗಳ ಜಾಗದಲ್ಲಿ ಎರಡೇ ಇದ್ದವು.

ಹೋಂಡಾ: ರೇಸಿನ ನೆನಪು

1970ರ ದಶಕದ ನಡುವಿಗೆ ಹೋಂಡಾದ ಸಿಬಿ 750 ಹಳತಾಗಿತ್ತು. ಕವಾಸಾಕಿ 1972ರಲ್ಲಿ 903 ಸಿ.ಸಿ.ಯ ಝಡ್ 1 ತಂದು ಅದನ್ನು ಹಿಂದೆ ಹಾಕಿತ್ತು. 1978ರಲ್ಲಿ ಸುಝುಕಿ ಮತ್ತು ಯಮಾಹಾ ಕೂಡ ಸಾವಿರ ಸಿ.ಸಿ. ಆಸುಪಾಸಿನ ನಾಲ್ಕು ಸಿಲಿಂಡರ್ ಗಾಡಿಗಳನ್ನು ತಂದವು. ಹೋಂಡಾಕ್ಕೆ ತನ್ನ ಮಾನ ಉಳಿಸಿಕೊಳ್ಳುವ ಗಾಡಿಯೊಂದು ಬೇಕಾಗಿತ್ತು. ಆ ಹೊಣೆ ಬಂದದ್ದು ಹಿಂದೆ ರೇಸ್ ಎಂಜಿನ್ ರೂಪಿಸಿದ್ದ ಅದೇ ಇರಿಮಾಜಿರಿ ಅವರಿಗೆ.

1978ರಲ್ಲಿ ಬಂದ ಸಿಬಿಎಕ್ಸ್‌ನ ಗಾತ್ರ 1047 ಸಿ.ಸಿ. ಪ್ರತಿ ಸಿಲಿಂಡರಿಗೆ ನಾಲ್ಕರಂತೆ 24 ವಾಲ್ವ್, ಆರು ಕಾರ್ಬುರೇಟರ್. ನಿಮಿಷಕ್ಕೆ 9,000 ಸುತ್ತಿನಲ್ಲಿ 105 ಅಶ್ವಶಕ್ತಿ. ರೇಸ್ ಗಾಡಿಯ ರಕ್ತ ಇದರಲ್ಲಿ ಹರಿಯುತ್ತಿದ್ದುದು ಸ್ಪಷ್ಟ.

ಅಗಲದ ಸಮಸ್ಯೆಯನ್ನು ಬಗೆಹರಿಸಿದ ರೀತಿ ನಿಜಕ್ಕೂ ಮೆಚ್ಚುವಂಥದು. ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರನ್ನು ಸಾಮಾನ್ಯವಾಗಿ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಸಿಕ್ಕಿಸುತ್ತಿದ್ದರು. ಇಲ್ಲಿ ಅದನ್ನು ತೆಗೆದು ಸಿಲಿಂಡರ್‌ಗಳ ಹಿಂದೆ ಕೂರಿಸಿದರು. ಸವಾರನ ಮೊಣಕಾಲಿಗೆ ಜಾಗ ಸಿಗಲೆಂದು ಸಿಲಿಂಡರ್‌ಗಳನ್ನು 33 ಡಿಗ್ರಿ ಮುಂದಕ್ಕೆ ಬಾಗಿಸಿದರು. ಎಂಜಿನ್‌ನ ಮುಂದೆ ಇಳಿದು ಬರುವ ಚೌಕಟ್ಟಿನ ಕೊಳವೆಗಳನ್ನೇ ಕೈಬಿಟ್ಟು, ಎಂಜಿನ್ನನ್ನು ಮೇಲಿನಿಂದ ತೂಗುಬಿಟ್ಟರು. ಇದರಿಂದ ಆರು ಸಿಲಿಂಡರ್‌ಗಳ ಸಾಲು ಮುಂದಿನಿಂದ ಯಾವ ಅಡ್ಡಿಯೂ ಇಲ್ಲದೆ ಕಾಣುತ್ತಿತ್ತು. ಹೀಗೆ ಯಂತ್ರದ ಅಗತ್ಯವೂ ಅಂಗಡಿಯ ಅಗತ್ಯವೂ ಒಂದೇ ಉಪಾಯದಲ್ಲಿ ಪೂರೈಸಿದವು.

ಆದರೂ ದ್ರವಗಳಿಲ್ಲದ ಗಾಡಿಯ ತೂಕವೇ ಸುಮಾರು 247 ಕಿಲೋ. 24 ವಾಲ್ವ್‌ಗಳ ಅಂತರವನ್ನು ಒಂದೊಂದಾಗಿ ಅಳೆದು ಸರಿಪಡಿಸಬೇಕು, ಆರು ಕಾರ್ಬುರೇಟರ್‌ಗಳನ್ನು ಒಂದಕ್ಕೊಂದು ಹೊಂದಿಸಬೇಕು. ಸಾಲದುದಕ್ಕೆ ಸ್ವಂತ ಮನೆಯಲ್ಲೇ ಸ್ಪರ್ಧಿಯೊಂದು ಹುಟ್ಟಿತು. ಸರಿಸುಮಾರು ಅದೇ ಸಮಯದಲ್ಲಿ ಹೋಂಡಾ ತಂದ ಸಿಬಿ 900 ಎಫ್ ಎಂಬ ನಾಲ್ಕು ಸಿಲಿಂಡರ್ ಗಾಡಿ 95 ಅಶ್ವಶಕ್ತಿ ಕೊಡುತ್ತಿತ್ತು. ಎರಡು ಸಿಲಿಂಡರ್, ಎಂಟು ವಾಲ್ವ್ ಹೆಚ್ಚು ಇಟ್ಟುದಕ್ಕೆ ಸಿಬಿಎಕ್ಸ್ ಕೊಂಡವನಿಗೆ ಸಿಕ್ಕ ಹೆಚ್ಚುವರಿ ಶಕ್ತಿ ಹತ್ತೇ ಅಶ್ವಶಕ್ತಿ! 1981ರಲ್ಲಿ ಹೋಂಡಾ ಸಿಬಿಎಕ್ಸ್‌ಗೆ ಗಾಳಿತಡೆ ತೊಡಿಸಿ ದೂರಪ್ರಯಾಣದ ಗಾಡಿಯಾಗಿ ಮಾರ್ಪಡಿಸಿತು. 1982ಕ್ಕೆ ಅದರ ತಯಾರಿಕೆ ಮುಗಿಯಿತು.

ಕವಾಸಾಕಿ: ಎಲ್ಲರಿಗಿಂತ ದೊಡ್ಡದು

ಕವಾಸಾಕಿ ಹಡಗು, ರೈಲು ಎಂಜಿನ್, ವಿಮಾನಗಳನ್ನು ಕಟ್ಟುವ ಭಾರೀ ಕೈಗಾರಿಕಾ ಸಂಸ್ಥೆ. 1968ರಲ್ಲಿ ಅದು 750 ಸಿ.ಸಿ. ಗಾಡಿಯೊಂದನ್ನು ಸಿದ್ಧಪಡಿಸುತ್ತಿದ್ದಾಗ ಹೋಂಡಾ ತನ್ನ ಸಿಬಿ 750 ಪ್ರಕಟಿಸಿತು. ಕವಾಸಾಕಿ ತನ್ನ ಯೋಜನೆಯನ್ನು ತಡೆದು, ಗಾತ್ರ ಹೆಚ್ಚಿಸಿ, ಝಡ್ 1 ಎಂದು ತಂದಿತು. ತಡವಾಗಿ ಬಂದವರು ದೊಡ್ಡದಾಗಿ ಬರಬೇಕು ಎಂಬ ಪಾಠ ಅಲ್ಲಿ ಫಲ ಕೊಟ್ಟಿತ್ತು.

ಆರು ಸಿಲಿಂಡರ್ ವಿಷಯದಲ್ಲೂ ಹಾಗೆಯೇ ಆಯಿತು. 1978ರ ಕಲೋನ್ ಪ್ರದರ್ಶನದಲ್ಲಿ ಕಾಣಿಸಿಕೊಂಡು 1979ರಲ್ಲಿ ಮಾರಾಟಕ್ಕೆ ಬಂದ ಝಡ್ 1300ರ ಗಾತ್ರ 1286 ಸಿ.ಸಿ. ಶಕ್ತಿ 120 ಅಶ್ವಶಕ್ತಿ. ಖಾಲಿ ತೂಕವೇ ಸುಮಾರು 297 ಕಿಲೋ. ನಡುವಿನ ಸಿಲಿಂಡರ್‌ಗಳ ಬಿಸಿಯ ಸಮಸ್ಯೆಗೆ ಕವಾಸಾಕಿ ಕೊಟ್ಟ ಪರಿಹಾರ ನೀರಿನ ತಂಪು. ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸಲು ಚೈನಿನ ಬದಲು ಕಾರಿನಲ್ಲಿರುವಂತೆ ಶಾಫ್ಟ್.

ಅಗಲಕ್ಕೆ ಕವಾಸಾಕಿ ಕಂಡುಕೊಂಡ ದಾರಿ ಬೇರೆ. ಸಿಬಿಎಕ್ಸ್‌ನ ಸಿಲಿಂಡರ್ ವ್ಯಾಸ 64.5 ಮಿ.ಮೀ., ಪಿಸ್ಟನ್ ಚಲಿಸುವ ದೂರ 53.4. ಝಡ್ 1300ರ ವ್ಯಾಸ 62, ದೂರ 71. ಅಂದರೆ ಎಂಜಿನ್ 239 ಸಿ.ಸಿ. ದೊಡ್ಡದಾದರೂ ಸಿಲಿಂಡರ್ ಕಿರಿದಾಗಿಯೇ ಇತ್ತು. ಬೆಳೆದದ್ದು ಎತ್ತರಕ್ಕೆ. ಜಾಗ ಸಾಲದ ಪೇಟೆಯಲ್ಲಿ ಮನೆಯ ಮೇಲೆ ಮಹಡಿ ಕಟ್ಟುವಂತೆ! ಆದರೆ ಪಿಸ್ಟನ್ ದೂರ ಚಲಿಸಬೇಕಾದ್ದರಿಂದ ಎಂಜಿನ್ ಹೋಂಡಾದಷ್ಟು ವೇಗವಾಗಿ ಸುತ್ತಲಾರದು. ಅದರ ಗರಿಷ್ಠ ಶಕ್ತಿ ಸಿಗುತ್ತಿದ್ದುದು 8,000 ಸುತ್ತಿನಲ್ಲಿ.

ನೀವೇ ಒಂದು ಲೆಕ್ಕ ಮಾಡಿ ನೋಡಿ. ಪಿಸ್ಟನ್ ಒಂದು ಸುತ್ತಿನಲ್ಲಿ ಆ ದೂರವನ್ನು ಎರಡು ಸಲ ಕ್ರಮಿಸುತ್ತದೆ. ಅದನ್ನು ಸೆಕೆಂಡಿಗೆ ಎಷ್ಟು ಸುತ್ತು ಎಂಬುದರಿಂದ ಗುಣಿಸಿದರೆ ಪಿಸ್ಟನ್‌ನ ಸರಾಸರಿ ವೇಗ ಸಿಗುತ್ತದೆ. ಸಿಬಿಎಕ್ಸ್‌ಗೆ 9,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 16 ಮೀಟರ್. ಝಡ್ 1300ಕ್ಕೆ 8,000 ಸುತ್ತಿನಲ್ಲೇ ಸುಮಾರು 19 ಮೀಟರ್. ನಿಧಾನವಾಗಿ ಸುತ್ತುವ ಎಂಜಿನ್‌ನ ಪಿಸ್ಟನ್ನೇ ಹೆಚ್ಚು ಓಡಬೇಕಾಗಿತ್ತು.

ಮೂರನ್ನೂ ಪಕ್ಕದಲ್ಲಿಟ್ಟಾಗ

ಈಗ ಮೂರನ್ನೂ ಹೋಲಿಸೋಣ. ಸಂಖ್ಯೆ ಒಂದೇ ಆದರೂ ಉದ್ದೇಶ ಒಂದೇ ಅಲ್ಲ. ಬೆನೆಲ್ಲಿ ಚಿಕ್ಕದು, ಹಗುರವಾದುದು, ನೋಟಕ್ಕೆ ಸುಂದರ. ಸೋಲುತ್ತಿದ್ದ ಹಳೆಯ ಕಂಪನಿಯೊಂದು ತಾನಿನ್ನೂ ಬದುಕಿದ್ದೇನೆಂದು ಸಾರಿದ ಘೋಷಣೆ ಅದು. ಹೋಂಡಾದಲ್ಲಿ ಎಂಜಿನಿಯರಿಂಗ್ ಜಾಣ್ಮೆ ಎಲ್ಲಕ್ಕಿಂತ ಹೆಚ್ಚು. ಪ್ರತಿ ಲೀಟರಿಗೆ ನೂರು ಅಶ್ವಶಕ್ತಿ ತೆಗೆದ ಆ ಗಾಡಿಯಲ್ಲಿ ರೇಸ್ ಅಂಗಳದ ಕೀರ್ತಿಯ ನೆನಪಿತ್ತು. ಕವಾಸಾಕಿಯದು ಬಲ. ಆರಾಮವಾಗಿ, ದಣಿವಿಲ್ಲದೆ, ಭಾರ ಹೊತ್ತು ದೂರ ಸಾಗುವ ಬಲ.

ಈ ಬಲದ ಪೈಪೋಟಿ ಸಮಾಜದಲ್ಲೂ ಚರ್ಚೆ ಎಬ್ಬಿಸಿತು. ಪಶ್ಚಿಮ ಜರ್ಮನಿಯಲ್ಲಿ ಮೋಟಾರ್‌ಸೈಕಲ್ ಮಾರಾಟಗಾರರು 100 ಅಶ್ವಶಕ್ತಿಯ ಮಿತಿಯನ್ನು ತಾವಾಗಿ ಒಪ್ಪಿಕೊಂಡರು. ಅಲ್ಲಿ ಮಾರುವ ಝಡ್ 1300ರ ಶಕ್ತಿಯನ್ನು ಆ ಮಿತಿಯೊಳಗೆ ತಗ್ಗಿಸಲಾಯಿತು. 1984ರಲ್ಲಿ ಇಂಧನ ಇಂಜೆಕ್ಷನ್ ಅಳವಡಿಸಿದ ಮೇಲೆ ಇತರೆಡೆ ಅದು 130 ಅಶ್ವಶಕ್ತಿಗೆ ಏರಿತು. ಕೊನೆಗೆ 1989ರಲ್ಲಿ ತಯಾರಿಕೆ ನಿಂತಿತು.

ಅದನ್ನು ಮೀರಿಸಿದ್ದು ಹೊರಗಿನ ಶತ್ರುವಲ್ಲ. 1984ರಲ್ಲಿ ಕವಾಸಾಕಿಯೇ ತಂದ ಜಿಪಿಝಡ್ 900 ಆರ್ ಎಂಬ ಗಾಡಿಯನ್ನು ನೋಡಿ. ನಾಲ್ಕೇ ಸಿಲಿಂಡರ್, 908 ಸಿ.ಸಿ., 16 ವಾಲ್ವ್, ನೀರಿನ ತಂಪು. ಶಕ್ತಿ 115 ಅಶ್ವಶಕ್ತಿ. ಖಾಲಿ ತೂಕ ಸುಮಾರು 228 ಕಿಲೋ. ಮೊದಲ ಝಡ್ 1300ಕ್ಕಿಂತ ಕೇವಲ 5 ಅಶ್ವಶಕ್ತಿ ಕಡಿಮೆ, ಆದರೆ ತೂಕದಲ್ಲಿ ಸುಮಾರು 70 ಕಿಲೋ ಹಗುರ! ಅದರಲ್ಲೂ ಆಲ್ಟರ್ನೇಟರ್ ಸಿಲಿಂಡರ್‌ಗಳ ಹಿಂದಿತ್ತು, ಎಂಜಿನ್ ಮುಂದಿನ ಕೊಳವೆಗಳಿರಲಿಲ್ಲ. ಆರು ಸಿಲಿಂಡರ್‌ಗಳ ಕಷ್ಟವನ್ನು ನೀಗಲು ಸಿಬಿಎಕ್ಸ್‌ನಲ್ಲಿ ಕಂಡ ಉಪಾಯಗಳೇ ನಾಲ್ಕು ಸಿಲಿಂಡರ್‌ಗಳ ಗಾಡಿಯನ್ನು ಇನ್ನಷ್ಟು ಚೊಕ್ಕಟಗೊಳಿಸಿದ್ದವು.

ಉಳಿದದ್ದು ಏನು?

ಹಾಗಾದರೆ ಆರು ಸಿಲಿಂಡರ್ ಎಂಬುದು ತಪ್ಪು ಆಲೋಚನೆಯೇ? ಅಲ್ಲ. ಹೋಂಡಾ 1988ರಲ್ಲಿ ತನ್ನ ಗೋಲ್ಡ್‌ವಿಂಗ್ ಎಂಬ ದೂರಪ್ರಯಾಣದ ಗಾಡಿಗೆ 1520 ಸಿ.ಸಿ.ಯ ಆರು ಸಿಲಿಂಡರ್ ಎಂಜಿನ್ ಕೂರಿಸಿತು. ಆದರೆ ಅಡ್ಡಸಾಲಿನಲ್ಲಿ ಅಲ್ಲ. ಎಡಕ್ಕೆ ಮೂರು, ಬಲಕ್ಕೆ ಮೂರು, ನೆಲಕ್ಕೆ ಹತ್ತಿರವಾಗಿ ಮಲಗಿಸಿ. 2018ರಲ್ಲಿ ಹೊಸದಾಗಿ ರೂಪಿಸಿದಾಗಲೂ ಆ ಗಾಡಿ ಆರು ಸಿಲಿಂಡರ್‌ಗಳನ್ನು ಉಳಿಸಿಕೊಂಡಿತು. 2011ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಬಿಎಂಡಬ್ಲ್ಯು ಕೆ 1600 ಗಾಡಿಯಲ್ಲಿ ಆರೂ ಸಿಲಿಂಡರ್‌ಗಳು ಮತ್ತೆ ಅಡ್ಡಸಾಲಿಗೆ ಬಂದವು. ಈ ಬಾರಿ 55 ಡಿಗ್ರಿ ಮುಂದಕ್ಕೆ ಬಾಗಿ, 160 ಅಶ್ವಶಕ್ತಿಯೊಡನೆ. ಎರಡೂ ದೂರಪ್ರಯಾಣದ ಗಾಡಿಗಳು. ದಿನವಿಡೀ ಕೂತು ಸಾಗುವವನಿಗೆ ಅಲುಗಾಟವಿಲ್ಲದ ಓಟ ಬೇಕು, ತೂಕ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಅಂಥ ಕಡೆ ಆರು ಸಿಲಿಂಡರ್‌ಗಳಿಗೆ ಸರಿಯಾದ ಕೆಲಸವಿದೆ.

1964ರಲ್ಲಿ ಆರು ಒಂದು ಸಮಸ್ಯೆಗೆ ಉತ್ತರವಾಗಿತ್ತು. 1970ರ ದಶಕದಲ್ಲಿ ಅದು ಎದುರಾಳಿಯ ನಾಲ್ಕಕ್ಕೆ ಉತ್ತರವಾಯಿತು. ರಸ್ತೆಯ ಮೇಲೆ ಹೋಗುವ ಸವಾರ ಆ ಪ್ರಶ್ನೆ ಕೇಳಿರಲಿಲ್ಲ. ಆದ್ದರಿಂದಲೇ ಅಂಥದೇ ಶಕ್ತಿಯನ್ನು ಕಡಿಮೆ ತೂಕದಲ್ಲಿ ಕೊಡುವ ನಾಲ್ಕು ಸಿಲಿಂಡರ್ ಬಂದಾಗ ಅವನು ಅದನ್ನೇ ಆರಿಸಿಕೊಂಡ.

ಮಿತ್ರರೇ, ಮುಂದೆ ನೀವು ಯಾವುದೇ ಯಂತ್ರದ ಜಾಹೀರಾತಿನಲ್ಲಿ ದೊಡ್ಡ ದೊಡ್ಡ ಅಂಕಿಗಳನ್ನು ಕಂಡಾಗ ಈ ಮೂರು ಗಾಡಿಗಳನ್ನು ನೆನಪಿಸಿಕೊಳ್ಳಿ. ಅಂಕಿ ಎಷ್ಟು ಎಂದು ಕೇಳುವ ಮೊದಲು, ಅದು ಯಾರ ಯಾವ ಅಗತ್ಯವನ್ನು ಪೂರೈಸಲು ಬಂದಿದೆ ಎಂದು ಕೇಳಿ. ಬೆಲೆ, ತೂಕ, ರಿಪೇರಿಯ ಶ್ರಮ ಇವನ್ನೂ ಪಕ್ಕದಲ್ಲಿ ಬರೆದುಕೊಂಡು ಹೋಲಿಸಿ. ಹಾಗೆ ಹೋಲಿಸಿ ನೋಡುವವರಿಗೆ ಈ ಹಳೆಯ ಯಂತ್ರಗಳ ಸೌಂದರ್ಯವೂ ಅರ್ಥವಾಗುತ್ತದೆ, ಅವುಗಳ ಮಿತಿಯೂ ಅರ್ಥವಾಗುತ್ತದೆ.